ಡಾ. ಅರ್ನೆಸ್ಟ್ ಅಮೋರಿ ಕಾಡ್ಮನ್ (1869-1940): ಚಿಕಿತ್ಸೆಯ ಫಲಿತಾಂಶಕ್ಕೆ ಲೆಕ್ಕ ಕೇಳಿದ ಶಸ್ತ್ರವೈದ್ಯರು

ಪೀಠಿಕೆ

ಆಸ್ಪತ್ರೆಯೊಂದರ ವಾರ್ಷಿಕ ವರದಿಯಲ್ಲಿ ಹಾಸಿಗೆಗಳ ಸಂಖ್ಯೆ, ಒಳರೋಗಿಗಳ ಹಾಗೂ ಹೊರರೋಗಿಗಳ ಸಂಖ್ಯೆ, ನಡೆಸಲಾದ ಶಸ್ತ್ರಚಿಕಿತ್ಸೆಗಳ ಸಂಖ್ಯೆ, ಸ್ವೀಕರಿಸಿದ ಹಣ ಮತ್ತು ಮಾಡಿದ ವೆಚ್ಚದ ವಿವರಗಳು ಸಾಮಾನ್ಯವಾಗಿ ಇರುತ್ತವೆ. ಆದರೆ ಚಿಕಿತ್ಸೆ ಪಡೆದು ಮನೆಗೆ ಹಿಂದಿರುಗಿದ ರೋಗಿಯು ಒಂದು ವರ್ಷದ ನಂತರ ಗುಣಮುಖರಾಗಿದ್ದಾರೆಯೇ, ಗುಣಮುಖರಾಗಿಲ್ಲದಿದ್ದಲ್ಲಿ ಅದಕ್ಕೆ ಕಾರಣವೇನು ಎಂಬ ವಿವರವು ಅಂತಹ ವರದಿಗಳಲ್ಲಿ ದೊರೆಯುವುದು ವಿರಳ. ಆಸ್ಪತ್ರೆಯ ಗುಣಮಟ್ಟವನ್ನು ಅಳೆಯಬೇಕಾದರೆ ಮೊದಲು ಕೇಳಬೇಕಾದುದು ಈ ಪ್ರಶ್ನೆಯನ್ನೇ ಎಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರತಿಪಾದಿಸಿ, ಅದಕ್ಕಾಗಿ ತಮ್ಮ ಹುದ್ದೆ, ಆದಾಯ ಮತ್ತು ಸ್ನೇಹಿತರನ್ನು ಕಳೆದುಕೊಂಡವರು ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯರಾದ ಡಾ. ಅರ್ನೆಸ್ಟ್ ಅಮೋರಿ ಕಾಡ್ಮನ್ ಅವರು.

ಕಾಡ್ಮನ್ ಅವರಿಗಿಂತ ಮೊದಲೇ ಈ ದಿಕ್ಕಿನಲ್ಲಿ ಕೆಲವು ಪ್ರಯತ್ನಗಳು ನಡೆದಿದ್ದವು. ಶುಶ್ರೂಷಾ ವೃತ್ತಿಗೆ ಹೊಸ ರೂಪ ನೀಡಿದ ಫ್ಲಾರೆನ್ಸ್ ನೈಟಿಂಗೇಲ್ ಅವರು ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಅಂಕಿಅಂಶಗಳನ್ನು ದಾಖಲಿಸಬೇಕೆಂಬ ಯೋಜನೆಯನ್ನು 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದಿರಿಸಿದ್ದರು. ಆದರೆ ಪ್ರತಿಯೊಬ್ಬ ರೋಗಿಯನ್ನೂ ಪ್ರತ್ಯೇಕವಾಗಿ ಅನುಸರಿಸಿ, ಪ್ರತಿಯೊಂದು ವೈಫಲ್ಯಕ್ಕೂ ಕಾರಣವನ್ನು ಗುರುತಿಸಿ, ಅದನ್ನು ಸಾರ್ವಜನಿಕರ ಮುಂದಿಡಬೇಕೆಂಬ ಸಂಪೂರ್ಣ ಪದ್ಧತಿಯನ್ನು ರೂಪಿಸಿದ ಕೀರ್ತಿ ಕಾಡ್ಮನ್ ಅವರಿಗೆ ಸಲ್ಲುತ್ತದೆ. ಅವರ ಜೀವನ ಮತ್ತು ಸಾಧನೆಯ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕಾಡ್ಮನ್ ಅವರು 1869ರ ಡಿಸೆಂಬರ್ 30ರಂದು ಬಾಸ್ಟನ್ ನಗರದ ಪ್ರತಿಷ್ಠಿತ ಮನೆತನವೊಂದರಲ್ಲಿ ಜನಿಸಿದರು. ಹಾರ್ವರ್ಡ್ ಕಾಲೇಜಿನಲ್ಲಿ 1891ರಲ್ಲಿ ಪದವಿ ಪಡೆದು, ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ 1895ರಲ್ಲಿ ವೈದ್ಯಕೀಯ ಶಿಕ್ಷಣವನ್ನು ಪೂರ್ಣಗೊಳಿಸಿದರು. ಮುಂದೆ ಮಿದುಳಿನ ಶಸ್ತ್ರಚಿಕಿತ್ಸೆಯ ಪ್ರವರ್ತಕರೆಂದು ವಿಶ್ವವಿಖ್ಯಾತರಾದ ಹಾರ್ವೆ ಕುಷಿಂಗ್ ಅವರು ಇವರ ಸಹಪಾಠಿಯಾಗಿದ್ದರು. 1899ರಲ್ಲಿ ಕ್ಯಾಥರೀನ್ ಬೌಡಿಚ್ ಅವರೊಂದಿಗೆ ಕಾಡ್ಮನ್ ಅವರ ವಿವಾಹ ನೆರವೇರಿತು. ಬೇಟೆ ಮತ್ತು ಮೀನು ಹಿಡಿಯುವುದು ಅವರ ಮೆಚ್ಚಿನ ಹವ್ಯಾಸಗಳಾಗಿದ್ದವು.

ಮನೆತನ, ಶಿಕ್ಷಣ ಮತ್ತು ಸಾಮಾಜಿಕ ಸಂಪರ್ಕ ಈ ಮೂರೂ ಅನುಕೂಲವಾಗಿದ್ದ ಅವರಿಗೆ ಬಾಸ್ಟನ್ನಿನಲ್ಲಿ ಸುಗಮವಾದ ವೃತ್ತಿಜೀವನ ಕಾದಿತ್ತು. ನಿಗದಿತ ಕಾಲಕ್ಕೆ ಬಡ್ತಿ ಪಡೆದು, ಶ್ರೀಮಂತ ರೋಗಿಗಳಿಗೆ ಚಿಕಿತ್ಸೆ ನೀಡಿ ನೆಮ್ಮದಿಯಿಂದ ನಿವೃತ್ತರಾಗುವ ಅವಕಾಶ ಅವರಿಗಿತ್ತು. ಅವರು ಆರಿಸಿಕೊಂಡ ದಾರಿ ಬೇರೆಯಾಗಿತ್ತು.

ಈಥರ್ ಪಟ್ಟಿಕೆಗಳು

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯು 1846ರಲ್ಲಿ ಈಥರ್ ಅರಿವಳಿಕೆಯ ಸಾರ್ವಜನಿಕ ಪ್ರದರ್ಶನ ನಡೆದ ಸ್ಥಳವಾಗಿದೆ. ಆದಾಗ್ಯೂ 1890ರ ದಶಕದಲ್ಲಿಯೂ ಅಲ್ಲಿ ಅರಿವಳಿಕೆ ನೀಡುವ ಕೆಲಸವನ್ನು ಅನುಭವವಿಲ್ಲದ ವಿದ್ಯಾರ್ಥಿಗಳಿಗೆ ವಹಿಸಲಾಗುತ್ತಿತ್ತು. ಕುಷಿಂಗ್ ಅವರು ವಿದ್ಯಾರ್ಥಿಯಾಗಿದ್ದಾಗ ಅವರಿಂದ ಈಥರ್ ಪಡೆದ ರೋಗಿಯೊಬ್ಬರು ಮೃತಪಟ್ಟ ಘಟನೆಯು ಅವರನ್ನು ತೀವ್ರವಾಗಿ ಕಲಕಿತು.

ಇದರ ತರುವಾಯ ಕುಷಿಂಗ್ ಮತ್ತು ಕಾಡ್ಮನ್ ಇಬ್ಬರೂ ತಮ್ಮಲ್ಲಿ ಯಾರು ಉತ್ತಮವಾಗಿ ಅರಿವಳಿಕೆ ನೀಡಬಲ್ಲರೆಂದು ಒಂದು ಊಟದ ಪಂಥ ಕಟ್ಟಿದರು. ಪಂಥವನ್ನು ತೀರ್ಮಾನಿಸಲು ದಾಖಲೆ ಬೇಕಾಗಿತ್ತು. ಅದಕ್ಕಾಗಿ 1894ರಿಂದ ಶಸ್ತ್ರಚಿಕಿತ್ಸೆಯುದ್ದಕ್ಕೂ ರೋಗಿಯ ನಾಡಿಮಿಡಿತ ಮತ್ತು ಉಸಿರಾಟವನ್ನು ನಿಗದಿತ ಅಂತರದಲ್ಲಿ ಪಟ್ಟಿಕೆಯಲ್ಲಿ ಗುರುತಿಸತೊಡಗಿದರು. ಸ್ನೇಹಿತರ ಸ್ಪರ್ಧೆಯಾಗಿ ಆರಂಭವಾದ ಈ ಕ್ರಮವು ಅರಿವಳಿಕೆ ದಾಖಲೆ ಪದ್ಧತಿಗೆ ಬುನಾದಿಯಾಯಿತು. ಇಂದು ಯಾವುದೇ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ರೋಗಿಯ ನಾಡಿ, ರಕ್ತದೊತ್ತಡ ಮತ್ತು ಉಸಿರಾಟವನ್ನು ನಿರಂತರವಾಗಿ ದಾಖಲಿಸುವುದು ಕಡ್ಡಾಯ ಕರ್ತವ್ಯವಾಗಿದ್ದು, ಅದರ ಮೂಲವನ್ನು ಈ ಇಬ್ಬರು ವಿದ್ಯಾರ್ಥಿಗಳ ಪಟ್ಟಿಕೆಗಳಲ್ಲಿ ಕಾಣಬಹುದಾಗಿದೆ.

ಕ್ಷ-ಕಿರಣ ಮತ್ತು ಭುಜದ ಅಧ್ಯಯನ

1895ರ ಅಂತ್ಯದಲ್ಲಿ ಕ್ಷ-ಕಿರಣಗಳ ಆವಿಷ್ಕಾರವಾದ ಕೂಡಲೇ ಕಾಡ್ಮನ್ ಅವರು ಆ ಕ್ಷೇತ್ರದಲ್ಲಿ ಆಸಕ್ತಿ ವಹಿಸಿದರು. 1899ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಕ್ಷ-ಕಿರಣ ಚಿತ್ರಗಳನ್ನು ತೆಗೆಯುವ ಹುದ್ದೆಗೆ ನೇಮಕಗೊಂಡರು. ಕ್ಷ-ಕಿರಣಗಳಿಂದ ಚರ್ಮ ಸುಟ್ಟ ಪ್ರಕರಣಗಳು ಅಲ್ಲಲ್ಲಿ ವರದಿಯಾಗುತ್ತಿದ್ದ ಆ ಕಾಲದಲ್ಲಿ, ಅಂತಹ ಎಲ್ಲ ಪ್ರಕರಣಗಳನ್ನು ಒಟ್ಟುಗೂಡಿಸಿ 1902ರಲ್ಲಿ ವಿಶ್ಲೇಷಣಾತ್ಮಕ ಲೇಖನವನ್ನು ಪ್ರಕಟಿಸಿದರು. ಹೊಸ ಚಿಕಿತ್ಸಾ ಸಾಧನವನ್ನು ಕೊಂಡಾಡುವುದರ ಜೊತೆಗೆ ಅದರಿಂದಾದ ಹಾನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಅವರ ಸ್ವಭಾವವು ಇಲ್ಲಿಯೇ ಸ್ಪಷ್ಟವಾಗುತ್ತದೆ.

ಭುಜದ ಕೀಲಿನ ನೋವಿನ ಬಗ್ಗೆ ಅವರು ನಡೆಸಿದ ಅಧ್ಯಯನವು ದೀರ್ಘಕಾಲದ್ದು. ಭುಜವನ್ನು ಎತ್ತಲು ನೆರವಾಗುವ ಸ್ನಾಯುರಜ್ಜು ಹರಿದಾಗ ಅದನ್ನು ಹೊಲಿಯುವ ಶಸ್ತ್ರಚಿಕಿತ್ಸೆಯನ್ನು ಅವರು 1909ರಲ್ಲಿ ನಡೆಸಿ, 1911ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಭುಜ ಬಿಗಿದುಕೊಂಡು ಕೈ ಎತ್ತಲಾಗದ ಸ್ಥಿತಿಗೆ ಫ್ರೋಜನ್ ಶೋಲ್ಡರ್ ಎಂಬ ಹೆಸರನ್ನಿಟ್ಟವರೂ ಇವರೇ. ಮುಂದಕ್ಕೆ ಬಾಗಿ ಕೈಯನ್ನು ಜೋತುಬಿಟ್ಟು ಲೋಲಕದಂತೆ ತೂಗಾಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿ ವಿಭಾಗಗಳಲ್ಲಿ ಇಂದಿಗೂ ಕಾಡ್ಮನ್ ವ್ಯಾಯಾಮ ಎಂದೇ ಕರೆಯಲಾಗುತ್ತದೆ.

ಅಂತಿಮ ಫಲಿತಾಂಶ ಪದ್ಧತಿ

ಕಾಡ್ಮನ್ ಅವರ ಮುಖ್ಯ ಕೊಡುಗೆಯು ಅಂತಿಮ ಫಲಿತಾಂಶ ಪದ್ಧತಿ ಎಂದು ಹೆಸರಾಗಿದೆ. ಇದರ ತತ್ವವು ಅತ್ಯಂತ ಸರಳವಾದುದು. ಆಸ್ಪತ್ರೆಯು ತಾನು ಚಿಕಿತ್ಸೆ ನೀಡಿದ ಪ್ರತಿಯೊಬ್ಬ ರೋಗಿಯನ್ನೂ ಸಾಕಷ್ಟು ಕಾಲದವರೆಗೆ ಅನುಸರಿಸಿ, ಚಿಕಿತ್ಸೆಯು ಯಶಸ್ವಿಯಾಯಿತೇ ಎಂದು ತಿಳಿದುಕೊಳ್ಳಬೇಕು. ಯಶಸ್ವಿಯಾಗದಿದ್ದಲ್ಲಿ ಏಕೆ ಆಗಲಿಲ್ಲವೆಂದು ವಿಚಾರಿಸಿ, ಅಂತಹ ವೈಫಲ್ಯವು ಮತ್ತೆ ಸಂಭವಿಸದಂತೆ ಕ್ರಮ ಕೈಗೊಳ್ಳಬೇಕು.

ಈ ಉದ್ದೇಶಕ್ಕಾಗಿ ಅವರು ಪ್ರತಿ ರೋಗಿಗೂ ಒಂದು ಚಿಕ್ಕ ಕಾರ್ಡನ್ನು ಸಿದ್ಧಪಡಿಸಿದರು. ಅದರಲ್ಲಿ ಈ ಕೆಳಕಂಡ ಅಂಶಗಳನ್ನು ದಾಖಲಿಸಲಾಗುತ್ತಿತ್ತು.

1. ರೋಗಿಯು ಯಾವ ತೊಂದರೆಯ ನಿವಾರಣೆಗಾಗಿ ಬಂದರು.
2. ಚಿಕಿತ್ಸೆಗೆ ಮುನ್ನ ವೈದ್ಯರು ಯಾವ ರೋಗವೆಂದು ನಿರ್ಣಯಿಸಿದರು.
3. ಯಾವ ಚಿಕಿತ್ಸೆ ನೀಡಲಾಯಿತು.
4. ಆಸ್ಪತ್ರೆಯಲ್ಲಿದ್ದಾಗ ಯಾವ ತೊಡಕುಗಳು ಉಂಟಾದವು.
5. ಬಿಡುಗಡೆಯ ಸಮಯದಲ್ಲಿ ಖಚಿತವಾದ ರೋಗನಿರ್ಣಯವೇನು.
6. ಒಂದು ವರ್ಷದ ನಂತರ ಹಾಗೂ ಮುಂದಿನ ವರ್ಷಗಳಲ್ಲಿ ರೋಗಿಯ ಸ್ಥಿತಿ ಏನು.

ಇವುಗಳಲ್ಲಿ ಕೊನೆಯ ಅಂಶವೇ ಹೊಸದು. ಅಲ್ಲಿಯವರೆಗೆ ರೋಗಿಯು ಆಸ್ಪತ್ರೆಯ ಬಾಗಿಲು ದಾಟಿದೊಡನೆ ಅವರ ಕಡತವು ಮುಕ್ತಾಯಗೊಳ್ಳುತ್ತಿತ್ತು. ಕಾಡ್ಮನ್ ಅವರ ಪದ್ಧತಿಯಲ್ಲಿ ಕಡತದ ಮುಖ್ಯ ನಮೂದು ಆನಂತರವೇ ಆರಂಭವಾಗುತ್ತಿತ್ತು. ಕಾರ್ಖಾನೆಯೊಂದು ತಾನು ತಯಾರಿಸಿದ ಸರಕನ್ನು ಪರೀಕ್ಷಿಸದೆ ಮಾರುಕಟ್ಟೆಗೆ ಬಿಡುವುದಿಲ್ಲ. ಆಸ್ಪತ್ರೆಯ ಉತ್ಪನ್ನವೆಂದರೆ ಗುಣಮುಖರಾದ ರೋಗಿಗಳು ಎಂದಾದಲ್ಲಿ, ಆ ಉತ್ಪನ್ನದ ಪರೀಕ್ಷೆಯೂ ನಡೆಯಬೇಕೆಂಬುದು ಅವರ ವಾದದ ಸಾರಾಂಶವಾಗಿತ್ತು.

1910ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಭೇಟಿ ನೀಡಿದ್ದ ಅವರು, ಫ್ರಿಮ್ಲಿ ಎಂಬಲ್ಲಿದ್ದ ಕ್ಷಯರೋಗ ಚಿಕಿತ್ಸಾಲಯವನ್ನು ನೋಡಿಕೊಂಡು ಲಂಡನ್ನಿಗೆ ಕುದುರೆ ಗಾಡಿಯಲ್ಲಿ ಹಿಂದಿರುಗುವಾಗ ಫಿಲಡೆಲ್ಫಿಯಾದ ಶಸ್ತ್ರವೈದ್ಯರಾದ ಎಡ್ವರ್ಡ್ ಮಾರ್ಟಿನ್ ಅವರಿಗೆ ಈ ಪದ್ಧತಿಯನ್ನು ವಿವರಿಸಿದರು. ಶಸ್ತ್ರವೈದ್ಯರ ರಾಷ್ಟ್ರೀಯ ಸಂಸ್ಥೆಯೊಂದನ್ನು ಸ್ಥಾಪಿಸಿ, ಅದರ ಮೂಲಕ ಆಸ್ಪತ್ರೆಗಳಲ್ಲಿ ಈ ಪದ್ಧತಿಯನ್ನು ಜಾರಿಗೆ ತರುವ ಆಲೋಚನೆ ಆ ಪ್ರಯಾಣದಲ್ಲಿ ರೂಪುಗೊಂಡಿತು. 1913ರಲ್ಲಿ ಅಮೆರಿಕನ್ ಶಸ್ತ್ರವೈದ್ಯರ ಕಾಲೇಜು ಸ್ಥಾಪನೆಯಾಯಿತು. ಆಸ್ಪತ್ರೆಗಳ ಗುಣಮಟ್ಟ ನಿಗದಿ ಸಮಿತಿಗೆ ಕಾಡ್ಮನ್ ಅವರೇ ಅಧ್ಯಕ್ಷರಾದರು.

ಸ್ವಂತ ಆಸ್ಪತ್ರೆ

ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈ ಪದ್ಧತಿಯನ್ನು ತಮ್ಮ ಅಪೇಕ್ಷೆಯಂತೆ ಪೂರ್ಣವಾಗಿ ಅಳವಡಿಸಲು ಸಾಧ್ಯವಾಗದ ಕಾರಣ, ಕಾಡ್ಮನ್ ಅವರು 1911ರಲ್ಲಿ ಬಾಸ್ಟನ್ನಿನ ಪಿಂಕ್ನಿ ರಸ್ತೆಯಲ್ಲಿ ಚಿಕ್ಕದೊಂದು ಖಾಸಗಿ ಆಸ್ಪತ್ರೆಯನ್ನು ಆರಂಭಿಸಿದರು. 1911ರಿಂದ 1916ರವರೆಗೆ ಅಲ್ಲಿಂದ 337 ರೋಗಿಗಳು ಬಿಡುಗಡೆಗೊಂಡರು. ಈ ಅವಧಿಯ ಚಿಕಿತ್ಸೆಯಲ್ಲಿ 123 ದೋಷಗಳನ್ನು ಅವರೇ ಗುರುತಿಸಿ ದಾಖಲಿಸಿದರು.

ದೋಷಗಳನ್ನು ಅವುಗಳ ಕಾರಣಕ್ಕನುಗುಣವಾಗಿ ವರ್ಗೀಕರಿಸಲಾಗಿತ್ತು. ಜ್ಞಾನ ಅಥವಾ ಕೌಶಲ್ಯದ ಕೊರತೆ, ಶಸ್ತ್ರಚಿಕಿತ್ಸೆಯ ನಿರ್ಧಾರದಲ್ಲಿನ ತಪ್ಪು, ಆರೈಕೆ ಅಥವಾ ಸಲಕರಣೆಗಳ ಕೊರತೆ ಮತ್ತು ರೋಗನಿರ್ಣಯದ ತಪ್ಪು ಇವು ವೈದ್ಯರ ಹಾಗೂ ಆಸ್ಪತ್ರೆಯ ಹೊಣೆಗೆ ಸೇರಿದ್ದವು. ರೋಗದ ತೀವ್ರತೆ ಮತ್ತು ರೋಗಿಯು ಚಿಕಿತ್ಸೆಯನ್ನು ನಿರಾಕರಿಸಿದ್ದು ಇವುಗಳನ್ನು ಬೇರೆಯಾಗಿ ನಮೂದಿಸಲಾಗುತ್ತಿತ್ತು. ಯಾರ ಹತೋಟಿಯಲ್ಲಿಯೂ ಇಲ್ಲದ ಆಕಸ್ಮಿಕಗಳಿಗೆ ಮತ್ತೊಂದು ವರ್ಗವಿತ್ತು. ಹೀಗೆ ಯಾರನ್ನೂ ಅನಗತ್ಯವಾಗಿ ದೂಷಿಸದೆ, ಯಾರನ್ನೂ ಅನಗತ್ಯವಾಗಿ ರಕ್ಷಿಸದೆ ಕಾರಣವನ್ನು ನಿಗದಿಪಡಿಸುವುದು ಸಾಧ್ಯವಾಯಿತು.

ತಮ್ಮದೇ ತಪ್ಪುಗಳ ವಿಷಯದಲ್ಲಿ ಅವರು ಇತರರಿಗಿಂತ ಕಠಿಣವಾಗಿ ನಡೆದುಕೊಂಡರು. ಪಿತ್ತನಾಳಕ್ಕೆ ಸಂಬಂಧಿಸಿದ ಶಸ್ತ್ರಚಿಕಿತ್ಸೆಯೊಂದರಲ್ಲಿ ತಾವು ಎಸಗಿದ ಗಂಭೀರ ಲೋಪವನ್ನೂ, ಆ ಲೋಪವು ಸಂಭವಿಸಿದಾಗ ಅದು ತಮ್ಮ ಗಮನಕ್ಕೇ ಬಾರದಿದ್ದುದನ್ನೂ ಅವರು ಮರೆಮಾಚದೆ ಮುದ್ರಿಸಿದರು. ಆಸ್ಪತ್ರೆಯ ಪ್ರಕರಣಗಳ ವಿವರವನ್ನು ಒಳಗೊಂಡ ವರದಿಗಳನ್ನು ಸ್ವಂತ ಖರ್ಚಿನಲ್ಲಿ ಮುದ್ರಿಸಿ ದೇಶದ ಇತರ ಆಸ್ಪತ್ರೆಗಳಿಗೆ ಕಳುಹಿಸಿದರು. ಅವುಗಳೂ ತಮ್ಮ ಫಲಿತಾಂಶವನ್ನು ಪ್ರಕಟಿಸಲಿ ಎಂಬುದು ಅವರ ಅಪೇಕ್ಷೆಯಾಗಿತ್ತು. ಆದರೆ ಆ ಮಾದರಿಯನ್ನು ಅನುಸರಿಸಲು ಬೇರೆ ಆಸ್ಪತ್ರೆಗಳು ಮುಂದೆ ಬರಲಿಲ್ಲ.

ರಾಜೀನಾಮೆ ಮತ್ತು 1915ರ ಸಭೆ

ಆ ಕಾಲದಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವೈದ್ಯರಿಗೆ ಸೇವಾ ಹಿರಿತನದ ಆಧಾರದ ಮೇಲೆ ಬಡ್ತಿ ನೀಡಲಾಗುತ್ತಿತ್ತು. ಯಾವ ವೈದ್ಯರ ಚಿಕಿತ್ಸೆಯಿಂದ ಹೆಚ್ಚು ರೋಗಿಗಳು ಗುಣಮುಖರಾದರು ಎಂಬ ಅಂಶಕ್ಕೆ ಬಡ್ತಿಯಲ್ಲಿ ಸ್ಥಾನವಿರಲಿಲ್ಲ. ಇದನ್ನು ಪ್ರತಿಭಟಿಸಿ ಕಾಡ್ಮನ್ ಅವರು 1914ರಲ್ಲಿ ರಾಜೀನಾಮೆ ಸಲ್ಲಿಸಿದರು. ರಾಜೀನಾಮೆ ಅಂಗೀಕೃತವಾದ ಬೆನ್ನಿಗೇ, ಕಳೆದ ಹತ್ತು ವರ್ಷಗಳಲ್ಲಿ ತಮ್ಮ ಚಿಕಿತ್ಸೆಯ ಫಲಿತಾಂಶವು ಇತರ ಶಸ್ತ್ರವೈದ್ಯರ ಫಲಿತಾಂಶಕ್ಕಿಂತ ಉತ್ತಮವಾಗಿರುವುದರಿಂದ ತಮ್ಮನ್ನು ಮುಖ್ಯ ಶಸ್ತ್ರವೈದ್ಯರನ್ನಾಗಿ ನೇಮಿಸಬೇಕೆಂದು ಕೋರಿ ಪತ್ರ ಬರೆದರು. ಹುದ್ದೆ ದೊರೆಯಲಾರದೆಂಬುದು ಅವರಿಗೆ ತಿಳಿದೇ ಇತ್ತು. ಅವರ ಹೇಳಿಕೆಯನ್ನು ಅಲ್ಲಗಳೆಯಬೇಕಾದರೆ ಇತರ ವೈದ್ಯರ ಫಲಿತಾಂಶವನ್ನು ಲೆಕ್ಕಹಾಕಲೇಬೇಕಾಗಿತ್ತು. ಪತ್ರದ ಉದ್ದೇಶವೂ ಅದೇ ಆಗಿತ್ತು.

1915ರ ಜನವರಿ 6ರಂದು ಬಾಸ್ಟನ್ ವೈದ್ಯಕೀಯ ಗ್ರಂಥಾಲಯದಲ್ಲಿ ಆಸ್ಪತ್ರೆಗಳ ದಕ್ಷತೆಯನ್ನು ಕುರಿತು ಸಭೆಯೊಂದು ನಡೆಯಿತು. ಸ್ಥಳೀಯ ವೈದ್ಯಕೀಯ ಸಂಘದ ಶಸ್ತ್ರಚಿಕಿತ್ಸಾ ವಿಭಾಗದ ಅಧ್ಯಕ್ಷರಾಗಿದ್ದ ಕಾಡ್ಮನ್ ಅವರೇ ಸಭೆಯನ್ನು ಏರ್ಪಡಿಸಿದ್ದರು. ನಗರದ ಮೇಯರ್ ಜೇಮ್ಸ್ ಕರ್ಲಿ ಮತ್ತು ಕೈಗಾರಿಕಾ ದಕ್ಷತೆಯ ತಜ್ಞರಾದ ಫ್ರಾಂಕ್ ಗಿಲ್ಬ್ರೆತ್ ಅವರನ್ನೂ ಆಹ್ವಾನಿಸಲಾಗಿತ್ತು. ಸಭೆಯ ಕೊನೆಯಲ್ಲಿ ಕಾಡ್ಮನ್ ಅವರು ದೊಡ್ಡದೊಂದು ವ್ಯಂಗ್ಯಚಿತ್ರವನ್ನು ಅನಾವರಣಗೊಳಿಸಿದರು. ಮರಳಿನಲ್ಲಿ ತಲೆ ಹುದುಗಿಸಿಕೊಂಡ ಉಷ್ಟ್ರಪಕ್ಷಿಯೊಂದು ತನ್ನ ಚಿನ್ನದ ಮೊಟ್ಟೆಗಳನ್ನು ವೈದ್ಯರ ಕಡೆಗೆ ಒದೆಯುತ್ತಿರುವಂತೆ ಅದರಲ್ಲಿ ಚಿತ್ರಿಸಲಾಗಿತ್ತು. ಉಷ್ಟ್ರಪಕ್ಷಿಯು ನಗರದ ಶ್ರೀಮಂತ ಬಡಾವಣೆಯಾದ ಬ್ಯಾಕ್ ಬೇ ನಿವಾಸಿಗಳನ್ನು ಸಂಕೇತಿಸುತ್ತಿತ್ತು. ಚಿಕಿತ್ಸೆಯ ನಿಜವಾದ ಫಲಿತಾಂಶ ಹೊರಬಂದರೆ ಈ ಮೊಟ್ಟೆಗಳು ಮುಂದೆಯೂ ದೊರೆಯುವವೇ ಎಂದು ಆಸ್ಪತ್ರೆಯ ಧರ್ಮದರ್ಶಿಗಳು ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರು ಚಿಂತಿಸುತ್ತಿರುವಂತೆ ತೋರಿಸಲಾಗಿತ್ತು.

ಪರಿಣಾಮವು ತೀವ್ರವಾಗಿತ್ತು. ವೈದ್ಯಕೀಯ ಸಂಘದ ವಿಭಾಗದ ಅಧ್ಯಕ್ಷ ಸ್ಥಾನವನ್ನು ತೊರೆಯುವಂತೆ ಅವರನ್ನು ಕೇಳಿಕೊಳ್ಳಲಾಯಿತು. ಹಾರ್ವರ್ಡ್ ವೈದ್ಯಕೀಯ ಶಾಲೆಯ ಬೋಧಕ ಹುದ್ದೆಯೂ ಕೈತಪ್ಪಿತು. ಅನೇಕ ಸಹೋದ್ಯೋಗಿಗಳು ಅವರಿಂದ ದೂರವಾದರು. ಇತರ ವೈದ್ಯರು ರೋಗಿಗಳನ್ನು ಕಳುಹಿಸದಿದ್ದಲ್ಲಿ ಶಸ್ತ್ರವೈದ್ಯರ ಆದಾಯ ಕುಸಿಯುವುದು ಸಹಜ. ಅವರು ಸಾಲದ ಹೊರೆಗೆ ಸಿಲುಕಿದರು. ಇಷ್ಟಾದರೂ ತಮ್ಮ ಬೇಡಿಕೆಯನ್ನು ಅವರು ಹಿಂದಕ್ಕೆ ಪಡೆಯಲಿಲ್ಲ.

ಹ್ಯಾಲಿಫ್ಯಾಕ್ಸ್ ದುರಂತ ಮತ್ತು ಯುದ್ಧಸೇವೆ

1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸ್ಫೋಟಕ ತುಂಬಿದ್ದ ಹಡಗೊಂದು ಡಿಕ್ಕಿಗೆ ಸಿಲುಕಿ ಸ್ಫೋಟಗೊಂಡು ಸುಮಾರು 2000 ಜನರು ಮೃತಪಟ್ಟು, ಸಾವಿರಾರು ಜನರು ಗಾಯಗೊಂಡರು. ಪರಿಹಾರ ಕಾರ್ಯಕ್ಕಾಗಿ ಬಾಸ್ಟನ್ನಿನಿಂದ ತೆರಳಿದ ವೈದ್ಯರಲ್ಲಿ ಕಾಡ್ಮನ್ ಅವರೂ ಒಬ್ಬರಾಗಿದ್ದರು. ಆನಂತರ ಮೊದಲ ಮಹಾಯುದ್ಧದ ಸಂದರ್ಭದಲ್ಲಿ ಸೇನೆಯ ವೈದ್ಯಕೀಯ ವಿಭಾಗದಲ್ಲಿ ಸೇವೆ ಸಲ್ಲಿಸಿದರು. ಅವರ ಖಾಸಗಿ ಆಸ್ಪತ್ರೆಯು ಮುಚ್ಚಲ್ಪಟ್ಟಿತು.

ಸುಟ್ಟುಹೋದ ಪಟ್ಟಿ

ಇತ್ತ ಅಮೆರಿಕನ್ ಶಸ್ತ್ರವೈದ್ಯರ ಕಾಲೇಜು ಆಸ್ಪತ್ರೆಗಳಿಗೆ ಕನಿಷ್ಠ ಮಾನದಂಡವನ್ನು ರೂಪಿಸಿತು. ಸುಸಂಘಟಿತ ವೈದ್ಯ ಸಿಬ್ಬಂದಿ ಇರಬೇಕು, ಅವರು ಅರ್ಹರಾಗಿರಬೇಕು, ಚಿಕಿತ್ಸೆಯನ್ನು ಪರಿಶೀಲಿಸಲು ನಿಯತಕಾಲಿಕ ಸಭೆಗಳು ನಡೆಯಬೇಕು, ಪ್ರತಿ ರೋಗಿಯ ಸಂಪೂರ್ಣ ದಾಖಲೆ ಇರಬೇಕು, ಪ್ರಯೋಗಾಲಯ ಹಾಗೂ ಕ್ಷ-ಕಿರಣ ಸೌಲಭ್ಯಗಳಿರಬೇಕು ಎಂಬುದಷ್ಟೇ ಅದರ ಸಾರಾಂಶವಾಗಿದ್ದು, ಒಂದೇ ಪುಟದಲ್ಲಿ ಹಿಡಿಸುವಷ್ಟು ಚಿಕ್ಕದಾಗಿತ್ತು.

ಈ ಮಾನದಂಡದ ಮೇಲೆ 100 ಮತ್ತು ಅದಕ್ಕಿಂತ ಹೆಚ್ಚು ಹಾಸಿಗೆಗಳಿದ್ದ 692 ಆಸ್ಪತ್ರೆಗಳನ್ನು ಪರಿಶೀಲಿಸಲಾಯಿತು. ಅರ್ಹವೆಂದು ಕಂಡುಬಂದವು ಕೇವಲ 89. ಅನರ್ಹವಾದವುಗಳಲ್ಲಿ ದೇಶದ ಕೆಲವು ಪ್ರಸಿದ್ಧ ಆಸ್ಪತ್ರೆಗಳೂ ಸೇರಿದ್ದವು. 1919ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಸಮ್ಮೇಳನದಲ್ಲಿ ಸಂಖ್ಯೆಗಳನ್ನು ಮಾತ್ರ ಪ್ರಕಟಿಸಿ, ಆಸ್ಪತ್ರೆಗಳ ಹೆಸರುಳ್ಳ ಪಟ್ಟಿಯು ಪತ್ರಿಕೆಗಳ ಕೈಸೇರಬಾರದೆಂಬ ಕಾರಣದಿಂದ ಅದನ್ನು ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಕುಲುಮೆಯಲ್ಲಿ ಸುಟ್ಟುಹಾಕಲಾಯಿತು. ಮಾನದಂಡವು ಉಳಿದು ಬೆಳೆಯಿತು. ಆದರೆ ಅದು ಕಟ್ಟಡ, ಸಿಬ್ಬಂದಿ ಮತ್ತು ದಾಖಲೆಗಳನ್ನು ಪರಿಶೀಲಿಸುವ ಕ್ರಮವಾಗಿ ಬೆಳೆಯಿತೇ ಹೊರತು, ರೋಗಿಯ ಅಂತಿಮ ಫಲಿತಾಂಶವನ್ನು ಅಳೆಯುವ ಕಾಡ್ಮನ್ ಅವರ ಮೂಲ ಉದ್ದೇಶವು ಹಲವು ದಶಕಗಳ ಕಾಲ ಹಿಂದೆ ಉಳಿಯಿತು.

ಮೂಳೆ ಕ್ಯಾನ್ಸರ್ ನೋಂದಣಿ

1920ರಲ್ಲಿ ಕಾಡ್ಮನ್ ಅವರು ಮೂಳೆಯ ಸಾರ್ಕೋಮಾ ಎಂಬ ಕ್ಯಾನ್ಸರಿಗೆ ಸಂಬಂಧಿಸಿದ ನೋಂದಣಿ ವ್ಯವಸ್ಥೆಯನ್ನು ಆರಂಭಿಸಿದರು. ಈ ರೋಗದಿಂದ ಬಳಲುತ್ತಿದ್ದ ರೋಗಿಯೊಬ್ಬರಿಗೆ ಚಿಕಿತ್ಸೆ ನೀಡುವಾಗ, ದೇಶದಲ್ಲಿ ಯಾವ ಚಿಕಿತ್ಸೆಯಿಂದ ಎಷ್ಟು ಜನ ಬದುಕುಳಿದಿದ್ದಾರೆಂಬ ಮಾಹಿತಿ ಎಲ್ಲಿಯೂ ಲಭ್ಯವಿಲ್ಲವೆಂಬುದು ಅವರಿಗೆ ಮನವರಿಕೆಯಾಯಿತು. ಅಪರೂಪದ ರೋಗವಾದ್ದರಿಂದ ಒಬ್ಬ ವೈದ್ಯರ ಅನುಭವಕ್ಕೆ ಬರುವ ಪ್ರಕರಣಗಳು ಬೆರಳೆಣಿಕೆಯಷ್ಟು ಮಾತ್ರ. ಎಲ್ಲರ ಪ್ರಕರಣಗಳನ್ನೂ ಒಂದೆಡೆ ಸೇರಿಸಿದಲ್ಲಿ ಮಾತ್ರ ತಿಳಿವಳಿಕೆ ಸಾಧ್ಯ. ಆದುದರಿಂದ ದೇಶದ ಶಸ್ತ್ರವೈದ್ಯರಿಗೆ ಪತ್ರ ಬರೆದು ರೋಗಿಯ ವಿವರ, ಕ್ಷ-ಕಿರಣ ಚಿತ್ರ ಮತ್ತು ಅಂಗಾಂಶದ ಮಾದರಿಗಳನ್ನು ತರಿಸಿಕೊಂಡರು. ಜೇಮ್ಸ್ ಯೂಯಿಂಗ್ ಮತ್ತು ಜೋಸೆಫ್ ಬ್ಲಡ್‌ಗುಡ್ ಅವರು ಈ ಕಾರ್ಯದಲ್ಲಿ ಅವರೊಂದಿಗೆ ಕೈಜೋಡಿಸಿದರು. ಮೂಳೆಯ ಗೆಡ್ಡೆಗಳ ಕ್ಷ-ಕಿರಣ ಚಿತ್ರದಲ್ಲಿ ಕಾಣುವ ಒಂದು ಲಕ್ಷಣವನ್ನು ವೈದ್ಯರು ಇಂದಿಗೂ ಕಾಡ್ಮನ್ ತ್ರಿಕೋನ ಎಂದು ಕರೆಯುತ್ತಾರೆ.

ರೋಗಿಗಳನ್ನು ನೋಂದಾಯಿಸಿ, ವರ್ಷಾನುಗಟ್ಟಲೆ ಅನುಸರಿಸಿ, ಬದುಕುಳಿದವರ ಪ್ರಮಾಣವನ್ನು ಲೆಕ್ಕಹಾಕುವ ಕ್ರಮವು ನಂತರ ಪ್ರಪಂಚದಾದ್ಯಂತ ಹರಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 1982ರಿಂದ ಬೆಂಗಳೂರು ನಗರದ ಕ್ಯಾನ್ಸರ್ ಪ್ರಕರಣಗಳ ನೋಂದಣಿಯನ್ನು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ನಡೆಸಿಕೊಂಡು ಬರಲಾಗಿದೆ.

ಕೊನೆಯ ವರ್ಷಗಳು

ಭುಜದ ಬಗ್ಗೆ ಅವರು ಬರೆದ ಬೃಹತ್ ಗ್ರಂಥವು 1934ರಲ್ಲಿ ಪ್ರಕಟವಾಯಿತು. ವೈದ್ಯಕೀಯ ಗ್ರಂಥವಾದರೂ ಅದರ ಮುನ್ನುಡಿ ಮತ್ತು ಕೊನೆಯ ಭಾಗದಲ್ಲಿ ತಮ್ಮ ಜೀವನವನ್ನೂ, ಫಲಿತಾಂಶದ ಲೆಕ್ಕಕ್ಕಾಗಿ ತಾವು ನಡೆಸಿದ ಹೋರಾಟವನ್ನೂ ವಿವರಿಸಿದ್ದಾರೆ. ತಮ್ಮ ಜೀವಿತಕಾಲದಲ್ಲಿ ಈ ಪದ್ಧತಿಯು ಅಂಗೀಕಾರವಾಗಲಾರದು ಎಂಬ ಅರಿವು ಅವರಿಗಿತ್ತು. ಮುಂದಿನ ಪೀಳಿಗೆಯು ಅದನ್ನು ಕೈಗೆತ್ತಿಕೊಳ್ಳುವುದೆಂಬ ನಂಬಿಕೆಯೂ ಇತ್ತು.

1940ರ ನವೆಂಬರ್ 23ರಂದು ಮೆಲನೋಮಾ ಎಂಬ ಕ್ಯಾನ್ಸರಿನಿಂದ ಅವರು ನಿಧನ ಹೊಂದಿದರು. ಬಾಸ್ಟನ್ ಬಳಿಯ ಮೌಂಟ್ ಆಬರ್ನ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಸಮಾಧಿಯ ಮೇಲೆ ಹೆಸರಿನ ಕಲ್ಲನ್ನೂ ಇರಿಸಲಿಲ್ಲ. 74 ವರ್ಷಗಳ ನಂತರ, 2014ರಲ್ಲಿ, ವೈದ್ಯಕೀಯ ಸಂಸ್ಥೆಗಳು ಒಟ್ಟಾಗಿ ಅಲ್ಲಿ ಸ್ಮಾರಕ ಶಿಲೆಯನ್ನು ಸ್ಥಾಪಿಸಿದವು.

ನಂತರದ ಬೆಳವಣಿಗೆಗಳು

ಶಸ್ತ್ರವೈದ್ಯರ ಕಾಲೇಜು ನಡೆಸುತ್ತಿದ್ದ ಆಸ್ಪತ್ರೆಗಳ ಪರಿಶೀಲನಾ ಕಾರ್ಯವನ್ನು ಮುಂದುವರಿಸಲು 1951ರಲ್ಲಿ ಜಂಟಿ ಆಯೋಗವು ಸ್ಥಾಪನೆಯಾಯಿತು. 1966ರಲ್ಲಿ ಅವೆಡಿಸ್ ಡೊನಬೇಡಿಯನ್ ಅವರು ಆಸ್ಪತ್ರೆಯ ಗುಣಮಟ್ಟವನ್ನು ವ್ಯವಸ್ಥೆ, ಕಾರ್ಯವಿಧಾನ ಮತ್ತು ಫಲಿತಾಂಶ ಎಂಬ ಮೂರು ಭಾಗಗಳಲ್ಲಿ ನೋಡಬೇಕೆಂದು ನಿರೂಪಿಸಿದರು. ಜಂಟಿ ಆಯೋಗವು 1996ರಲ್ಲಿ ಕಾಡ್ಮನ್ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು.

ಫಲಿತಾಂಶದ ಪ್ರಕಟಣೆಯಿಂದ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ಅನುಭವವನ್ನು ಉದಾಹರಿಸಬಹುದು. ಅಲ್ಲಿ 1989ರಿಂದ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದವರ ವಿವರಗಳನ್ನು ಎಲ್ಲ ಆಸ್ಪತ್ರೆಗಳಿಂದಲೂ ಸಂಗ್ರಹಿಸಿ, ಆಸ್ಪತ್ರೆವಾರು ಮರಣ ಪ್ರಮಾಣವನ್ನು ಪ್ರಕಟಿಸತೊಡಗಿದರು. ರೋಗಿಗಳ ಸ್ಥಿತಿಯ ಗಂಭೀರತೆಗೆ ಹೊಂದಿಸಿ ಲೆಕ್ಕಹಾಕಿದ ಮರಣ ಪ್ರಮಾಣವು 1989ರಲ್ಲಿ ಶೇಕಡ 4.17 ಇದ್ದುದು 1992ರ ವೇಳೆಗೆ ಶೇಕಡ 2.45ಕ್ಕೆ ಇಳಿಯಿತು. ಈ ಇಳಿಕೆಯಲ್ಲಿ ಪ್ರಕಟಣೆಯ ಪಾಲೆಷ್ಟು, ವೈದ್ಯಕೀಯ ಪ್ರಗತಿಯ ಪಾಲೆಷ್ಟು ಎಂಬ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಗಂಭೀರ ಸ್ಥಿತಿಯ ರೋಗಿಗಳನ್ನು ವೈದ್ಯರು ನಿರಾಕರಿಸಬಹುದೆಂಬ ಆತಂಕವೂ ವ್ಯಕ್ತವಾಯಿತು.

ಭಾರತದಲ್ಲಿ ಸಾರ್ವಜನಿಕ ಆಸ್ಪತ್ರೆಗಳಿಗಾಗಿ 2013ರಲ್ಲಿ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳನ್ನು ಹೊರಡಿಸಲಾಯಿತು. ಅವುಗಳ ಎಂಟು ಮುಖ್ಯ ವಿಭಾಗಗಳಲ್ಲಿ ಕೊನೆಯದು ಫಲಿತಾಂಶಕ್ಕೆ ಸಂಬಂಧಿಸಿದುದಾಗಿದೆ.

ಫಲಿತಾಂಶದ ಲೆಕ್ಕದಲ್ಲಿ ಗಮನಿಸಬೇಕಾದ ಅಂಶ

ಮರಣ ಪ್ರಮಾಣ ಕಡಿಮೆ ಇದ್ದ ಆಸ್ಪತ್ರೆಯೇ ಉತ್ತಮವೆಂದು ನೇರವಾಗಿ ತೀರ್ಮಾನಿಸುವುದು ಸರಿಯಾಗುವುದಿಲ್ಲ. ಇದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ತಿಳಿಯಬಹುದು. ಮೊದಲನೆಯ ಆಸ್ಪತ್ರೆಯಲ್ಲಿ 1000 ರೋಗಿಗಳ ಪೈಕಿ 900 ಜನ ಸಾಧಾರಣ ಸ್ಥಿತಿಯವರು, 100 ಜನ ಗಂಭೀರ ಸ್ಥಿತಿಯವರು ಎಂದಿಟ್ಟುಕೊಳ್ಳೋಣ. ಅವರಲ್ಲಿ ಕ್ರಮವಾಗಿ 18 ಮತ್ತು 15 ಜನ, ಒಟ್ಟು 33 ಜನ ಮೃತಪಟ್ಟರು. ಎರಡನೆಯ ಆಸ್ಪತ್ರೆಯಲ್ಲಿ 1000 ರೋಗಿಗಳ ಪೈಕಿ 400 ಜನ ಸಾಧಾರಣ ಸ್ಥಿತಿಯವರು, 600 ಜನ ಗಂಭೀರ ಸ್ಥಿತಿಯವರು. ಅವರಲ್ಲಿ ಕ್ರಮವಾಗಿ 4 ಮತ್ತು 60 ಜನ, ಒಟ್ಟು 64 ಜನ ಮೃತಪಟ್ಟರು.

ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿದಲ್ಲಿ ಎರಡನೆಯ ಆಸ್ಪತ್ರೆಯು ಕಳಪೆಯೆಂದು ತೋರುತ್ತದೆ. ಆದರೆ ಸಾಧಾರಣ ಸ್ಥಿತಿಯ ರೋಗಿಗಳಲ್ಲಿ ಮರಣ ಪ್ರಮಾಣವು ಮೊದಲನೆಯದರಲ್ಲಿ ಶೇಕಡ 2, ಎರಡನೆಯದರಲ್ಲಿ ಶೇಕಡ 1. ಗಂಭೀರ ಸ್ಥಿತಿಯವರಲ್ಲಿ ಮೊದಲನೆಯದರಲ್ಲಿ ಶೇಕಡ 15, ಎರಡನೆಯದರಲ್ಲಿ ಶೇಕಡ 10. ಎರಡೂ ವರ್ಗಗಳಲ್ಲಿ ಎರಡನೆಯ ಆಸ್ಪತ್ರೆಯೇ ಮೇಲು. ಹೆಚ್ಚು ಗಂಭೀರ ರೋಗಿಗಳನ್ನು ಸೇರಿಸಿಕೊಂಡದ್ದೇ ಅದರ ಒಟ್ಟು ಮರಣ ಸಂಖ್ಯೆ ಹೆಚ್ಚಲು ಕಾರಣ. ರೋಗದ ತೀವ್ರತೆಯನ್ನು ಕಾಡ್ಮನ್ ಅವರು ಪ್ರತ್ಯೇಕವಾಗಿ ನಮೂದಿಸುತ್ತಿದ್ದುದರ ಮಹತ್ವವು ಇದರಿಂದ ತಿಳಿದುಬರುತ್ತದೆ.

ನಾಗರಿಕರ ಗಮನಕ್ಕೆ

ಫಲಿತಾಂಶದ ಲೆಕ್ಕವು ಪೂರ್ಣಗೊಳ್ಳಬೇಕಾದರೆ ರೋಗಿಗಳ ಸಹಕಾರವೂ ಅಗತ್ಯ. ಆದುದರಿಂದ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸಬಹುದಾಗಿದೆ.

1. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ನೀಡುವ ಬಿಡುಗಡೆ ಸಾರಾಂಶವನ್ನು ತಪ್ಪದೆ ಪಡೆದು, ಅದರಲ್ಲಿ ರೋಗನಿರ್ಣಯ, ನೀಡಿದ ಚಿಕಿತ್ಸೆ ಮತ್ತು ಮರುಭೇಟಿಯ ದಿನಾಂಕ ನಮೂದಾಗಿರುವುದನ್ನು ನೋಡಿಕೊಂಡು ಜೋಪಾನವಾಗಿ ಇರಿಸಿಕೊಳ್ಳುವುದು.
2. ಗುಣಮುಖರಾಗಿದ್ದರೂ ಸಹ ಸೂಚಿಸಿದ ದಿನಾಂಕದಂದು ಮರುಭೇಟಿ ನೀಡುವುದು.
3. ಬಿಡುಗಡೆಯ ನಂತರ ಉಂಟಾದ ತೊಡಕುಗಳನ್ನು ಚಿಕಿತ್ಸೆ ನೀಡಿದ ಆಸ್ಪತ್ರೆಯ ಗಮನಕ್ಕೆ ತರುವುದು.
4. ವೈದ್ಯರ ವೃತ್ತಿ ನಡಾವಳಿಗೆ ಸಂಬಂಧಿಸಿದ 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಾವಳಿಯ ಪ್ರಕಾರ, ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷಗಳ ಕಾಲ ಸಂರಕ್ಷಿಸಬೇಕಾಗಿದ್ದು, ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೋರಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕಾಗಿರುತ್ತದೆ.

ತಾವು ಚಿಕಿತ್ಸೆ ನೀಡಿದ 337 ಜನರ ಪೈಕಿ ಪ್ರತಿಯೊಬ್ಬರ ಲೆಕ್ಕವನ್ನೂ ಒಬ್ಬ ವೈದ್ಯರು ಸ್ವಂತ ಖರ್ಚಿನಲ್ಲಿ ಇಟ್ಟು ತೋರಿಸಿದರು. ಗಣಕಯಂತ್ರಗಳಿರುವ ಈ ಕಾಲದಲ್ಲಿ ಅದೇ ಲೆಕ್ಕವನ್ನು ಇಡುವುದು ಹೆಚ್ಚು ಸುಲಭವಾಗಿದೆ. ಚಿಕಿತ್ಸೆ ಪಡೆದ ರೋಗಿಯು ನಂತರ ಹೇಗಿದ್ದಾರೆ ಎಂಬ ಪ್ರಶ್ನೆಯನ್ನು ಆಸ್ಪತ್ರೆ, ವೈದ್ಯರು ಮತ್ತು ನಾಗರಿಕರು ಕೇಳುತ್ತಿರುವುದೇ ಡಾ. ಕಾಡ್ಮನ್ ಅವರಿಗೆ ಸಲ್ಲಿಸಬಹುದಾದ ಗೌರವವಾಗಿದೆ.